ಸ್ಲೀಪ್ ಲ್ಯಾಬ್‌ನಲ್ಲಿ ರಾತ್ರಿಯಿಡೀ ಎಚ್ಚರ ಇರುವವರು ಯಾರು? ಅವರು ಏನು ಓದಿರಬೇಕು?

ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗಳಲ್ಲಿ ‘ಸ್ಲೀಪ್ ಲ್ಯಾಬ್’ ಅನ್ನೋ ಬೋರ್ಡ್ ಈಗ ಅಪರೂಪವೇನಲ್ಲ. ಗೊರಕೆ ಜೋರಾಗಿದೆ, ಹಗಲು ಹೊತ್ತು ಗಲ್ಲಾ ಪೆಟ್ಟಿಗೆ ಮುಂದೆ ಕೂತಲ್ಲೇ ತೂಕಡಿಕೆ, ಗಾಡಿ ಓಡಿಸುವಾಗ ಕಣ್ಣು ಎಳೆಯುತ್ತೆ, ಎರಡು ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯೋದಿಲ್ಲ ಎಂದರೆ ಡಾಕ್ಟರು ‘ಒಂದು ರಾತ್ರಿ ಬಂದು ಮಲಗಿ, ಸ್ಲೀಪ್ ಟೆಸ್ಟ್ ಮಾಡಿಸೋಣ’ ಎಂದು ಚೀಟಿ ಬರೆಯುತ್ತಾರೆ. ಖರ್ಚೆಷ್ಟು, ಮೆಷಿನ್ ಯಾವ ಕಂಪನಿಯದು, ವಿಮೆ ಸಿಗುತ್ತಾ ಎಂದು ಮನೆಯವರು ವಿಚಾರಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಪರದೆ ನೋಡುತ್ತಾ ರಾತ್ರಿಯೆಲ್ಲಾ ಕೂರುವವರು ಯಾರು, ಅವರು ಏನು ಓದಿದ್ದಾರೆ ಎಂದು ಕೇಳುವವರು ಕಡಿಮೆ.

ಕೇಳಬೇಕಾದದ್ದು ಅದನ್ನೇ. ನಡುರಾತ್ರಿ ಎರಡು ಗಂಟೆಗೆ ಡಾಕ್ಟರು ಮನೆಯಲ್ಲಿ ಮಲಗಿರುತ್ತಾರೆ. ರೋಗಿಯ ಉಸಿರು ನಿಂತಾಗ, ತಂತಿ ಕಳಚಿದಾಗ, ಗಾಳಿಯ ಒತ್ತಡ ಏರಿಸಬೇಕೋ ಬೇಡವೋ ಎನ್ನುವಾಗ ಮೊದಲು ನೋಡುವುದು ಲ್ಯಾಬ್‌ನ ಟೆಕ್ನಾಲಜಿಸ್ಟ್. ಅವರಿಗೆ ನಿಯಮ ಹಾಕಿಕೊಟ್ಟು, ತರಬೇತಿ ಕೊಟ್ಟು, ಕೆಲಸ ಪರೀಕ್ಷಿಸುವವರು ಲ್ಯಾಬ್‌ನ ಕೋಆರ್ಡಿನೇಟರ್. ಹಲವು ಕಡೆ ಈ ಹುದ್ದೆಯಲ್ಲಿ ರೆಸ್ಪಿರೇಟರಿ ಥೆರಪಿಸ್ಟ್, ಅಂದರೆ ಉಸಿರಾಟದ ಚಿಕಿತ್ಸೆಯನ್ನೇ ಓದಿದವರು ಇರುತ್ತಾರೆ.

ಒಂದು ರಾತ್ರಿಯ ಕೆಲಸ

ಪೂರ್ಣ ಪ್ರಮಾಣದ ನಿದ್ರಾ ಪರೀಕ್ಷೆಗೆ ಪಾಲಿಸೊಮ್ನೋಗ್ರಫಿ ಎಂದು ಹೆಸರು. ತಲೆಯನ್ನು ಟೇಪಿನಿಂದ ಅಳೆದು, ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪೇಸ್ಟ್ ಹಚ್ಚಿ ತಂತಿ ಅಂಟಿಸುತ್ತಾರೆ. ಕಣ್ಣಿನ ಪಕ್ಕ, ಗದ್ದ, ಎದೆ, ಎರಡೂ ಕಾಲಿಗೆ ತಂತಿ. ಮೂಗಿನ ಬಳಿ ಗಾಳಿ ಅಳೆಯುವ ಕೊಳವೆ, ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟ್, ಬೆರಳಿಗೆ ಆಕ್ಸಿಜನ್ ಕ್ಲಿಪ್. ಆಮೇಲೆ ‘ಕಣ್ಣು ಮುಚ್ಚಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಉಸಿರು ಹಿಡಿಯಿರಿ, ಕಾಲ್ಬೆರಳು ಆಡಿಸಿ’ ಎಂದು ಹೇಳಿಸಿ ಎಲ್ಲವೂ ಸರಿಯಾಗಿ ದಾಖಲಾಗುತ್ತಿದೆಯಾ ಎಂದು ನೋಡುತ್ತಾರೆ. ಇಷ್ಟು ಮುಗಿಯುವಷ್ಟರಲ್ಲಿ ಹೊಸಬರಿಗೆ ನಿದ್ದೆಯೇ ಹಾರಿಹೋಗಿರುತ್ತೆ. ಅವರನ್ನು ಸಮಾಧಾನ ಮಾಡಿ ಮಲಗಿಸುವುದೂ ಒಂದು ವಿದ್ಯೆಯೇ.

ರೆಕಾರ್ಡಿಂಗನ್ನು 30 ಸೆಕೆಂಡಿಗೆ ಒಂದು ಪುಟದಂತೆ ಓದುತ್ತಾರೆ. ಏಳು ಗಂಟೆ ರೆಕಾರ್ಡ್ ಆದರೆ 840 ಪುಟ. ಪ್ರತಿ ಪುಟದಲ್ಲೂ ರೋಗಿ ಎಚ್ಚರವೋ, ಹಗುರ ನಿದ್ದೆಯೋ, ಗಾಢ ನಿದ್ದೆಯೋ, ಕನಸಿನ ನಿದ್ದೆಯೋ ಎಂದು ಗುರುತಿಸಬೇಕು. ಗಾಳಿಯ ಹರಿವು ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಶೇ 90ರಷ್ಟು ಇಳಿದರೆ ಅದು ಆಪ್ನಿಯಾ, ಅಂದರೆ ಉಸಿರು ಕಟ್ಟಿದ್ದು. ಭಾಗಶಃ ಇಳಿದು ಆಕ್ಸಿಜನ್ ಕುಸಿದರೆ ಅದಕ್ಕೆ ಬೇರೆ ಲೆಕ್ಕ. ಎರಡನ್ನೂ ಕೂಡಿಸಿ ಗಂಟೆಗೆ ಎಷ್ಟು ಎಂದು ತೆಗೆಯುತ್ತಾರೆ. ದೊಡ್ಡವರಲ್ಲಿ ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಇಲ್ಲಿ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಲೆಕ್ಕ ಇದೆ. ಒಬ್ಬರು ಏಳು ಗಂಟೆ ಹಾಸಿಗೆಯಲ್ಲಿದ್ದರು, ಅದರಲ್ಲಿ ನಿಜವಾಗಿ ನಿದ್ದೆ ಬಂದಿದ್ದು ಐದು ಗಂಟೆ, ಉಸಿರು ಕಟ್ಟಿದ್ದು 100 ಸಲ ಎಂದಿಟ್ಟುಕೊಳ್ಳಿ. ನಿದ್ದೆಯ ಗಂಟೆಯಿಂದ ಭಾಗಿಸಿದರೆ ಗಂಟೆಗೆ 20, ಅಂದರೆ ಮಧ್ಯಮ. ಹಾಸಿಗೆಯ ಗಂಟೆಯಿಂದ ಭಾಗಿಸಿದರೆ 14ರ ಆಸುಪಾಸು, ಅಂದರೆ ಸೌಮ್ಯ. ರೋಗಿ ಅವರೇ, ರಾತ್ರಿ ಅದೇ, ಆದರೆ ರಿಪೋರ್ಟ್ ಬೇರೆ. ತಲೆಯ ತಂತಿ ಓದಲು ಬಾರದವರು ಕೂತರೆ ಆಗುವ ನಷ್ಟ ಇದು. ಮನೆಯಲ್ಲೇ ಬೆರಳಿಗೆ, ಎದೆಗೆ ಕಟ್ಟಿಕೊಂಡು ಮಾಡುವ ಸಣ್ಣ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ತಲೆಯ ತಂತಿಯೇ ಇರುವುದಿಲ್ಲ. ಹಾಗಾಗಿ ಅಲ್ಲಿ ಸಂಖ್ಯೆ ಕಡಿಮೆ ಬರುವ ಸಾಧ್ಯತೆ ಇರುತ್ತೆ. ಆ ಪರೀಕ್ಷೆ ಉಪಯೋಗಕ್ಕೆ ಬಾರದ್ದು ಎಂದಲ್ಲ. ಲಕ್ಷಣ ಜೋರಾಗಿದ್ದೂ ಅದರಲ್ಲಿ ‘ಏನೂ ಇಲ್ಲ’ ಎಂದು ಬಂದರೆ ಅಲ್ಲಿಗೇ ಬಿಡಬಾರದು.

ಉಸಿರಿನ ಓದು ಯಾಕೆ ಬೇಕು

ಕಾಯಿಲೆ ಗೊತ್ತಾದ ಮೇಲೆ ಬರುವುದು ಸಿಪ್ಯಾಪ್ ಮೆಷಿನ್. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಇದರ ಬಗ್ಗೆ ಮೊದಲು ಪ್ರಕಟಿಸಿದರು. ಮಾಸ್ಕ್ ಮೂಲಕ ಒತ್ತಡದ ಗಾಳಿ ಬಿಟ್ಟರೆ ಗಂಟಲು ಕುಸಿಯದೆ ತೆರೆದುಕೊಂಡೇ ಇರುತ್ತೆ, ತತ್ವ ಇಷ್ಟೇ. ಆದರೆ ಯಾರಿಗೆ ಎಷ್ಟು ಒತ್ತಡ ಎನ್ನುವುದನ್ನು ಲ್ಯಾಬ್‌ನಲ್ಲಿ ಮಲಗಿಸಿ ನಿಧಾನವಾಗಿ ಕಂಡುಹಿಡಿಯುತ್ತಾರೆ. ದೊಡ್ಡವರಿಗೆ 4 ಸೆಂಟಿಮೀಟರ್ ನೀರಿನ ಒತ್ತಡದಿಂದ ಶುರು ಮಾಡಿ, ಪ್ರತಿ ಸಲ ಕನಿಷ್ಠ ಐದು ನಿಮಿಷ ಕಾದು, ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಸಿಪ್ಯಾಪ್‌ನಲ್ಲಿ ಮೇಲಿನ ಮಿತಿ 20. ಅದಕ್ಕೆ ಮೊದಲೇ, 15ರ ಹತ್ತಿರ ಹೋದರೂ ಉಸಿರು ಕಟ್ಟುವುದು ನಿಲ್ಲದಿದ್ದರೆ ಒಳಗೆಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಬೈಪ್ಯಾಪ್‌ಗೆ ಬದಲಿಸುವ ಯೋಚನೆ ಮಾಡುತ್ತಾರೆ.

ಏರಿಸುತ್ತಾ ಹೋಗುವುದು ಯಾರಿಗಾದರೂ ಬರುತ್ತೆ, ನಿಲ್ಲಿಸುವುದು ಯಾವಾಗ ಎಂದು ಗೊತ್ತಿರಬೇಕು. ಉಸಿರು ಕಟ್ಟುವುದರಲ್ಲಿ ಎರಡು ಬಗೆ. ಗಂಟಲು ಮುಚ್ಚಿಕೊಂಡಾಗ ಎದೆ, ಹೊಟ್ಟೆ ಎರಡೂ ಗಾಳಿಗಾಗಿ ಒದ್ದಾಡುತ್ತವೆ, ಬೆಲ್ಟ್‌ಗಳ ಗೆರೆ ಕುಣಿಯುತ್ತಿರುತ್ತೆ. ಇನ್ನೊಂದರಲ್ಲಿ ಉಸಿರಾಡು ಎನ್ನುವ ಅಪ್ಪಣೆಯೇ ಮೆದುಳಿನಿಂದ ಬರುವುದಿಲ್ಲ. ಆಗ ಬೆಲ್ಟ್‌ಗಳ ಗೆರೆ ಸಪಾಟು. ಮೊದಲನೆಯದಕ್ಕೆ ಒತ್ತಡ ಏರಿಸಬೇಕು. ಎರಡನೆಯದಕ್ಕೆ ಏರಿಸಿದರೆ ಕೆಲವರಲ್ಲಿ ಅದು ಇನ್ನೂ ಹೆಚ್ಚುತ್ತೆ. ವ್ಯತ್ಯಾಸ ತಿಳಿಯದೆ ಗುಂಡಿ ಒತ್ತುತ್ತಾ ಹೋದವರು ಬೆಳಗ್ಗೆ ತಪ್ಪು ಸಂಖ್ಯೆ ಬರೆದುಕೊಡುತ್ತಾರೆ. ಅದೇ ಸಂಖ್ಯೆಯಲ್ಲಿ ರೋಗಿ ಸಾವಿರಾರು ರೂಪಾಯಿಯ ಮೆಷಿನ್ ಮನೆಗೆ ತರುತ್ತಾನೆ, ಹದಿನೈದು ದಿನಕ್ಕೆ ಅದು ಅಟ್ಟ ಸೇರುತ್ತೆ.

ಇದಕ್ಕಿಂತ ಗಂಭೀರವಾದದ್ದು ಆಕ್ಸಿಜನ್ ವಿಷಯ. ಬೆರಳಿನ ಕ್ಲಿಪ್‌ನಲ್ಲಿ ಅಂಕಿ ಇಳಿಯುತ್ತಿದೆ, ಆಕ್ಸಿಜನ್ ಹಾಕಿಬಿಡೋಣ ಅನ್ನಿಸುವುದು ಸಹಜ. ಆದರೆ ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾದವರಲ್ಲಿ, ಒಲೆಯ ಹೊಗೆಯಲ್ಲೇ ಅಡುಗೆ ಮಾಡಿ ಸಿಒಪಿಡಿ ಬಂದ ತಾಯಂದಿರಲ್ಲಿ, ತೀರಾ ದಪ್ಪ ಇರುವವರಲ್ಲಿ ಕೆಲವರಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿದುಬಿಡುತ್ತೆ. ಅಂಥವರಿಗೆ ಬರೀ ಆಕ್ಸಿಜನ್ ಏರಿಸಿದರೆ ಬೆರಳಿನ ಅಂಕಿ ಚೆನ್ನಾಗಿ ಕಾಣುತ್ತೆ, ಒಳಗೆ ಡೈಆಕ್ಸೈಡ್ ಏರುತ್ತಲೇ ಹೋಗಬಹುದು. ಮಂಪರು ಹೆಚ್ಚುತ್ತೆ, ಎಬ್ಬಿಸಿದರೂ ಏಳದ ಸ್ಥಿತಿಗೆ ಹೋಗಬಹುದು. ನೋಡುವವರಿಗೆ ‘ಒಳ್ಳೆ ನಿದ್ದೆ ಬಂತು’ ಎಂದೇ ಕಾಣುತ್ತೆ. ಐಸಿಯುನಲ್ಲಿ ವೆಂಟಿಲೇಟರ್ ಪಕ್ಕ ನಿಂತು ಕೆಲಸ ಮಾಡಿದ, ರಕ್ತದ ಅನಿಲ ಪರೀಕ್ಷೆಯ ರಿಪೋರ್ಟ್ ಓದಲು ಬರುವ ರೆಸ್ಪಿರೇಟರಿ ಥೆರಪಿಸ್ಟ್ ಇದನ್ನು ಬೇಗ ಅನುಮಾನಿಸುತ್ತಾರೆ. ಸ್ಲೀಪ್ ಲ್ಯಾಬ್‌ಗೆ ಅವರನ್ನು ಬಯಸುವುದು ಈ ಕಾರಣಕ್ಕೆ.

ಆದರೆ ಅದೊಂದೇ ಸಾಲದು

ಉಸಿರಿನ ಬಗ್ಗೆ ಎಷ್ಟೇ ಓದಿದ್ದರೂ ತಲೆಯ ತಂತಿಯ ಗೆರೆಗಳು ಬೇರೆಯದೇ ಭಾಷೆ. ರೆಸ್ಪಿರೇಟರಿ ಕೋರ್ಸ್‌ನಲ್ಲಿ ನಿದ್ರೆಯ ಪಾಠ ಇದ್ದರೂ ಅದು ದೊಡ್ಡ ಪಠ್ಯದ ಒಂದು ಮೂಲೆ. ರಾತ್ರಿ ಬರುವ ಮೂರ್ಛೆರೋಗದ ಗೆರೆ ಯಾವುದು, ರೋಗಿ ಹಲ್ಲು ಕಡಿದದ್ದರ ಗೆರೆ ಯಾವುದು, ತಂತಿ ಸಡಿಲಾಗಿ ಬಂದ ಗೆರೆ ಯಾವುದು ಎಂದು ಗುರುತಿಸಲು ಬೇರೆ ಅಭ್ಯಾಸ ಬೇಕು. ಪರೀಕ್ಷೆ ಬರೀ ಗೊರಕೆಯವರಿಗೂ ಅಲ್ಲ. ನಿದ್ದೆಯಲ್ಲಿ ಎದ್ದು ಓಡಾಡುವವರು, ಒದೆಯುವವರು, ಹಗಲಲ್ಲೇ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುವವರೂ ಬರುತ್ತಾರೆ.

ಅದಕ್ಕೇ ಅಮೆರಿಕದಲ್ಲಿ ಎರಡು ಹಂತ ಇದೆ. ರೆಸ್ಪಿರೇಟರಿ ಥೆರಪಿಸ್ಟ್‌ಗಳಿಗೆ ಮೊದಲು ಆರ್‌ಆರ್‌ಟಿ ಎಂಬ ಅರ್ಹತೆ. ಅದರ ಮೇಲೆ ನಿದ್ರಾ ವಿಭಾಗಕ್ಕೆಂದೇ ಎಸ್‌ಡಿಎಸ್ ಪರೀಕ್ಷೆ. ಎರಡನ್ನೂ ನಡೆಸುವುದು ಎನ್‌ಬಿಆರ್‌ಸಿ ಎಂಬ ಮಂಡಳಿ. ಇನ್ನೊಂದು ದಾರಿ ಬಿಆರ್‌ಪಿಟಿ ಮಂಡಳಿಯ ಆರ್‌ಪಿಎಸ್‌ಜಿಟಿ. ಇದಕ್ಕೆ ಹೃದಯ ನಿಂತಾಗ ಎದೆ ಒತ್ತುವ ತುರ್ತು ತರಬೇತಿಯ ಪ್ರಮಾಣಪತ್ರವೂ ಬೇಕು, ಐದು ವರ್ಷಕ್ಕೊಮ್ಮೆ ಅರ್ಹತೆ ನವೀಕರಿಸಬೇಕು. ಭಾರತದಿಂದಲೂ ಇದನ್ನು ಬರೆದು ಪಾಸಾದವರಿದ್ದಾರೆ. ರಿಪೋರ್ಟ್ ಕೆಳಗೆ ಹೆಸರಿನ ಮುಂದೆ ಈ ಅಕ್ಷರಗಳು ಕಂಡರೆ ಅದು ಸುಮ್ಮನೆ ಅಲಂಕಾರ ಅಲ್ಲ.

ಕೋಆರ್ಡಿನೇಟರ್ ಹುದ್ದೆಗೆ ಇನ್ನೂ ಒಂದಿಷ್ಟು ಬೇಕು. ಒಂದೇ ರಾತ್ರಿಯ ರೆಕಾರ್ಡಿಂಗನ್ನು ಇಬ್ಬರು ಟೆಕ್ನಾಲಜಿಸ್ಟ್‌ಗಳಿಗೆ ಬೇರೆ ಬೇರೆಯಾಗಿ ಓದಲು ಕೊಟ್ಟು, ಉತ್ತರ ತಾಳೆ ಆಗುತ್ತಾ ಎಂದು ನೋಡುವುದು ಅವರ ಕೆಲಸ. ಒಬ್ಬ ಟೆಕ್ನಾಲಜಿಸ್ಟ್‌ಗೆ ರಾತ್ರಿ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ವಹಿಸದಂತೆ ಪಾಳಿ ಹಾಕಬೇಕು. ಮಾಸ್ಕ್, ಕೊಳವೆಗಳ ಶುಚಿ, ಮೆಷಿನ್ ಸರ್ವಿಸ್, ವಿಮೆ ಕಾಗದಪತ್ರ ಎಲ್ಲಾ ಅವರದೇ. ಹೃದಯದ ಬಡಿತ ತಪ್ಪಿದರೆ ಯಾರಿಗೆ ಫೋನ್, ಎಷ್ಟು ಹೊತ್ತಲ್ಲಿ, ಯಾವಾಗ ಪರೀಕ್ಷೆ ನಿಲ್ಲಿಸಬೇಕು ಎನ್ನುವುದು ಬರವಣಿಗೆಯಲ್ಲಿ ಇರಬೇಕು. ಮನೆಗೆ ಹೋದ ರೋಗಿ ಮೆಷಿನ್ ಹಾಕಿಕೊಳ್ಳುತ್ತಿದ್ದಾರಾ ಎಂದು ಅದರ ಕಾರ್ಡ್ ತೆಗೆದು ನೋಡಬೇಕು. ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ, ನೂರರಲ್ಲಿ ಎಪ್ಪತ್ತು ರಾತ್ರಿ ಹಾಕಿಕೊಂಡರೆ ಸರಿಯಾಗಿ ಬಳಸುತ್ತಿದ್ದಾರೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ನಿನ್ನೆ ಮೊನ್ನೆ ಪಾಸಾದವರನ್ನು ತಂದು ನೇರ ಈ ಕುರ್ಚಿಯಲ್ಲಿ ಕೂರಿಸುವುದು ಅವರಿಗೂ ಒಳ್ಳೆಯದಲ್ಲ, ರೋಗಿಗೂ ಅಲ್ಲ.

ಒಂದು ಗೆರೆ ಮಾತ್ರ ಸ್ಪಷ್ಟ ಇರಲಿ. ಥೆರಪಿಸ್ಟ್ ಎಷ್ಟೇ ಅನುಭವಿಯಾದರೂ ಕಾಯಿಲೆ ಇಂಥದ್ದೇ ಎಂದು ತೀರ್ಮಾನಿಸಿ ಸಹಿ ಹಾಕುವುದು ವೈದ್ಯರು.

ಮಕ್ಕಳನ್ನು ಈ ಓದಿಗೆ ಸೇರಿಸುವುದಾದರೆ

ಪಿಯುಸಿ ವಿಜ್ಞಾನ ಮುಗಿಸಿ ‘ನೀಟ್ ಆಗಲಿಲ್ಲ, ಮುಂದೇನು’ ಎನ್ನುವ ಮನೆಗಳಿಗೆ ಇದೊಂದು ಒಳ್ಳೆಯ ದಾರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಎಸ್ಸಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಇದೆ. ಮಣಿಪಾಲದಲ್ಲಿ ಬಿ.ಎಸ್ಸಿ ರೆಸ್ಪಿರೇಟರಿ ಥೆರಪಿ ಇದೆ, ಮುಂದೆ ಎಂ.ಎಸ್ಸಿಯೂ ಉಂಟು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ತರಗತಿ ಮುಗಿದ ಮೇಲೆ ಇಂಟರ್ನ್‌ಶಿಪ್ ಇರುತ್ತೆ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ಐಸಿಯು ಎಷ್ಟು ಹಾಸಿಗೆಯದು, ಸ್ಲೀಪ್ ಲ್ಯಾಬ್ ನಿಜವಾಗಿ ನಡೆಯುತ್ತಿದೆಯಾ ಎಂದು ಕೇಳಿ.

ಕೇಂದ್ರ ಸರ್ಕಾರ 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿದೆ. ರೆಸ್ಪಿರೇಟರಿ ಟೆಕ್ನಾಲಜಿಸ್ಟ್, ಸ್ಲೀಪ್ ಲ್ಯಾಬ್ ಟೆಕ್ನಾಲಜಿಸ್ಟ್ ಎರಡೂ ಹೆಸರು ಅದರ ಪಟ್ಟಿಯಲ್ಲಿವೆ. ಅಲೈಡ್ ಹೆಲ್ತ್ ವೃತ್ತಿಪರ ಎನ್ನಿಸಿಕೊಳ್ಳಲು ಕನಿಷ್ಠ 2000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕು, ಹೆಲ್ತ್‌ಕೇರ್ ವೃತ್ತಿಪರ ಎನ್ನಿಸಿಕೊಳ್ಳಲು ಕನಿಷ್ಠ 3600 ಗಂಟೆಗಳ ಪದವಿ. ರಾಜ್ಯ ಪರಿಷತ್ತಿನ ರಿಜಿಸ್ಟರ್‌ನಲ್ಲಿ ಹೆಸರು ಸೇರುವ ವ್ಯವಸ್ಥೆಯೂ ಕಾಯ್ದೆಯಲ್ಲಿದೆ. ಆದ್ದರಿಂದ ‘ಆರು ತಿಂಗಳಲ್ಲಿ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ’ ಎಂಬ ಗೋಡೆ ಜಾಹೀರಾತು ನಂಬಿ ಹಣ ಕಟ್ಟುವ ಮುನ್ನ ಗಂಟೆಗಳ ಲೆಕ್ಕ ಕೇಳಿ. ಗಲ್ಫ್‌ಗೆ ಹೋಗುವ ಆಸೆ ಇದ್ದವರಂತೂ ಇನ್ನಷ್ಟು ಹುಷಾರಾಗಿರಬೇಕು. ಸೌದಿಯಂಥ ಕಡೆ ಅಲ್ಲಿನ ಆರೋಗ್ಯ ಆಯೋಗ ಪ್ರಮಾಣಪತ್ರಗಳನ್ನು ಓದಿದ ಸಂಸ್ಥೆಯಿಂದಲೇ ಖಚಿತಪಡಿಸಿಕೊಂಡು, ಪರೀಕ್ಷೆಯನ್ನೂ ನಡೆಸಿ ಲೈಸೆನ್ಸ್ ಕೊಡುತ್ತೆ.

ಪರೀಕ್ಷೆಗೆ ಹೋಗುವ ಮುನ್ನ

ಫೋನ್ ಮಾಡಿ ಕೇಳುವುದಕ್ಕೆ ಸಂಕೋಚ ಬೇಡ. ‘ರಾತ್ರಿ ಯಾರು ಇರ್ತಾರೆ, ಅವರು ಏನು ಓದಿದಾರೆ? ಒಬ್ಬರು ಎಷ್ಟು ಜನರನ್ನ ನೋಡ್ಕೋತಾರೆ? ರಿಪೋರ್ಟನ್ನ ಮನುಷ್ಯರು ಕೂತು ಓದ್ತಾರಾ, ಇಲ್ಲಾ ಕಂಪ್ಯೂಟರ್ ಕೊಟ್ಟಿದ್ದನ್ನೇ ಪ್ರಿಂಟ್ ಹಾಕ್ತಾರಾ?’ ಎಂದು ನೇರವಾಗಿ ಕೇಳಿ. ಒಳ್ಳೆಯ ಲ್ಯಾಬ್‌ನವರು ಇದಕ್ಕೆ ಸಿಟ್ಟಾಗುವುದಿಲ್ಲ. ಪರೀಕ್ಷೆ ಮಾಡಿದವರೇ ಅದೇ ಬೆಳಗ್ಗೆ ‘ಈ ಕಂಪನಿ ಮೆಷಿನ್ನೇ ತಗೊಳ್ಳಿ’ ಎಂದು ಅವಸರ ಮಾಡಿದರೆ ಸ್ವಲ್ಪ ತಡೆದು, ಡಾಕ್ಟರ ಸಹಿಯ ರಿಪೋರ್ಟ್ ಕೈಗೆ ಬಂದ ಮೇಲೆ ನೋಡೋಣ ಎನ್ನಿ.

ಆಸ್ತಮಾ, ಸಿಒಪಿಡಿ, ಹೃದಯದ ತೊಂದರೆ ಇದ್ದರೆ, ಮನೆಯಲ್ಲಿ ಆಕ್ಸಿಜನ್ ಬಳಸುತ್ತಿದ್ದರೆ ಮೊದಲೇ ಹೇಳಿ. ತಿನ್ನುವ ಮಾತ್ರೆಗಳ ಚೀಟಿ ಜೊತೆಗಿರಲಿ, ನಿದ್ದೆ ಮಾತ್ರೆ ಇದ್ದರೆ ಅದನ್ನಂತೂ ಮುಚ್ಚಿಡಬೇಡಿ. ಆ ದಿನ ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಡಿ, ಹಗಲು ನಿದ್ದೆ ಮಾಡಬೇಡಿ. ತಲೆಗೆ ಸ್ನಾನ ಮಾಡಿ, ಆದರೆ ಎಣ್ಣೆ ಹಚ್ಚಬೇಡಿ. ಎಣ್ಣೆ ತಲೆಗೆ ತಂತಿ ಅಂಟುವುದಿಲ್ಲ. ಹೆಣ್ಣುಮಕ್ಕಳು ಒಂದು ಬೆರಳಿನದ್ದಾದರೂ ಉಗುರು ಬಣ್ಣ ತೆಗೆದು ಹೋಗಲಿ, ಆಕ್ಸಿಜನ್ ಕ್ಲಿಪ್ ಆ ಬೆರಳಿಗೇ ಹಾಕುತ್ತಾರೆ.