ಮಾಧ್ಯಮ ಬಳಕೆ ಮತ್ತು ಸೃಜನಶೀಲತೆ: ತೇಜಸ್ವಿ ತೋರಿದ ದಾರಿ

ಮೂಡಿಗೆರೆ: ಟಿವಿ, ಮೊಬೈಲ್‌ಗಳು ಮಕ್ಕಳ ಕಲ್ಪನಾಶಕ್ತಿಯನ್ನು ಕುಂದಿಸುತ್ತವೆ ಎಂಬುದು ಪಾಲಕರ ಸಾಮಾನ್ಯ ದೂರು. ಈ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಮಾಧ್ಯಮವನ್ನು ಬಳಸುವ ಬಗೆಯೇ ನಿರ್ಣಾಯಕ ಎಂಬುದಕ್ಕೆ ಇಲ್ಲಿನ ಕಾಫಿ ತೋಟದಲ್ಲಿ ಬಾಳಿದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938-2007) ಅವರ ಬದುಕು ನಿದರ್ಶನ.

ಹಕ್ಕಿಯ ಚಿತ್ರ ತೆಗೆಯಬೇಕಾದರೆ ಅದು ಬರುವ ಹೊತ್ತು, ಕೂರುವ ಕೊಂಬೆ, ಬೆಳಕಿನ ದಿಕ್ಕು ಎಲ್ಲವನ್ನೂ ಗಮನಿಸುತ್ತ ಕಾಯಬೇಕು. ಈ ಕಾಯುವಿಕೆ ನೋಟವನ್ನು ಹರಿತಗೊಳಿಸುತ್ತದೆ, ಪ್ರಶ್ನೆಗಳನ್ನು ಹುಟ್ಟಿಸುತ್ತದೆ. ತೇಜಸ್ವಿ ಅವರಲ್ಲಿ ಛಾಯಾಗ್ರಹಣ ಮತ್ತು ಬರವಣಿಗೆ ಜತೆಯಾಗಿ ಸಾಗಿದವು. ಹಕ್ಕಿಗಳ ಕುರಿತು ಕನ್ನಡದಲ್ಲಿ ಅವರು ಪುಸ್ತಕಗಳನ್ನೇ ರಚಿಸಿದರು. ಕಂಪ್ಯೂಟರ್ ಬಳಸತೊಡಗಿದಾಗ ಅದರಲ್ಲಿ ಕನ್ನಡಕ್ಕಿದ್ದ ತೊಡಕುಗಳನ್ನು ಕಂಡು, ಕನ್ನಡ ತಂತ್ರಾಂಶದ ಅಭಿವೃದ್ಧಿಗಾಗಿ ದನಿಯೆತ್ತಿದರು.

ಈ ಪ್ರಭಾವ ಓದುಗರಿಗೂ ಹರಿಯಿತು. ಅವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಫಾ’ ಚಲನಚಿತ್ರ 2023ರಲ್ಲಿ ತೆರೆಕಂಡಿತು. ಅದಕ್ಕೆ ಹಣ ಕೂಡಿಸಿದವರು ತೇಜಸ್ವಿ ಅವರ ಓದುಗರೇ.

ನೋಡಿ ಮರೆತರೆ ಮಾಧ್ಯಮ ಬರೀ ಹೊತ್ತು ಕಳೆಯುವ ಸಾಧನ. ನೋಡಿದ್ದನ್ನು ಪ್ರಶ್ನಿಸಿ, ಬರೆದು, ಚಿತ್ರಿಸಿ, ಹೊಸದೊಂದನ್ನು ಕಟ್ಟಿದಾಗ ಅದೇ ಸಾಧನ ಸೃಜನಶೀಲತೆಗೆ ನೀರೆರೆಯುತ್ತದೆ. ಮಗು ಎಷ್ಟು ಹೊತ್ತು ಮೊಬೈಲ್ ನೋಡಿತು ಎಂಬುದರ ಜತೆಗೆ, ನೋಡಿ ಏನು ಮಾಡಿತು ಎಂಬುದನ್ನೂ ಪಾಲಕರು ಕೇಳಬೇಕಾಗಿದೆ.