ಒಂದೇ ಹೆಸರು, ಎರಡು ಆವೃತ್ತಿ

ವಿದ್ಯಾರ್ಥಿಯೊಬ್ಬನು ಲೋಲಕದ ಚಲನೆಯನ್ನು ಲೆಕ್ಕಹಾಕಲು ಸಿ++ ಭಾಷೆಯಲ್ಲಿ ಒಂದು ಪ್ರೋಗ್ರಾಮನ್ನು ಬರೆದಿದ್ದಾನೆಂದು ಭಾವಿಸೋಣ. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಮನುಷ್ಯನು ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಯಾವ ಆಕ್ಷೇಪಣೆಯನ್ನೂ ಎತ್ತದೆ, ನಡೆಸಲು ಸಿದ್ಧವಾದ ಫೈಲೊಂದನ್ನು ಮಾಡಿಕೊಟ್ಟಿದೆ. ಆದರೂ ಆ ಫೈಲನ್ನು ನಡೆಸಹೊರಟರೆ ಮೊದಲ ಸಾಲಿನ ಕೆಲಸವೂ ಆರಂಭವಾಗುವುದಿಲ್ಲ. ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್ ೩.೪.೨೧ ದೊರೆಯಲಿಲ್ಲ’ ಎಂಬ ಅರ್ಥದ ಒಂದು ವಾಕ್ಯವು ತೆರೆಯ ಮೇಲೆ ಮೂಡಿ ಎಲ್ಲವೂ ನಿಂತುಹೋಗುತ್ತದೆ.

ಲಿನಕ್ಸ್ ಕಂಪ್ಯೂಟರುಗಳಲ್ಲಿ, ಹಳೆಯ ಕಂಪೈಲರಿನ ಜೊತೆಗೆ ಹೊಸದೊಂದನ್ನು ಸ್ಥಾಪಿಸಿಕೊಂಡವರು ಈ ಒಗಟನ್ನು ಎದುರಿಸುವುದುಂಟು. ದಿಕ್ಕು ತೋಚದೆ ಕೆಲವರು ಪ್ರೋಗ್ರಾಮನ್ನೇ ತಿದ್ದತೊಡಗುತ್ತಾರೆ. ಕೆಲವರು ಕಂಪೈಲರನ್ನು ಅಳಿಸಿ ಮತ್ತೆ ಸ್ಥಾಪಿಸುತ್ತಾರೆ. ಎರಡರಿಂದಲೂ ಫಲವಿಲ್ಲ. ಏಕೆಂದರೆ ದೋಷವಿರುವುದು ಇವೆರಡಕ್ಕೂ ಹೊರಗೆ, ‘ಲೈಬ್ರರಿ’ ಎಂಬ ಮೂರನೆಯ ವಸ್ತುವನ್ನು ಹುಡುಕುವ ಬಗೆಯಲ್ಲಿ. ಆ ಹುಡುಕಾಟವು ಹೇಗೆ ನಡೆಯುತ್ತದೆ, ಅದು ತಪ್ಪಿದಾಗ ಎಲ್ಲಿ ತಪ್ಪಿತೆಂದು ತಿಳಿಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಲೈಬ್ರರಿಯ ಹುಟ್ಟು

೧೯೪೯ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್ಸ್ಯಾಕ್ ಎಂಬ ಕಂಪ್ಯೂಟರು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದರೊಡನೆ ಕೆಲಸಮಾಡಿದ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮೊದಲಾದವರಿಗೆ ಒಂದು ಸಂಗತಿ ಬೇಗನೆ ಹೊಳೆಯಿತು. ವರ್ಗಮೂಲ, ತ್ರಿಕೋನಮಿತಿಯ ಬೆಲೆಗಳು ಮುಂತಾದುವು ಎಲ್ಲರ ಲೆಕ್ಕಗಳಲ್ಲಿಯೂ ಮತ್ತೆ ಮತ್ತೆ ಬರುತ್ತವೆ. ಪ್ರತಿಯೊಬ್ಬರೂ ಅವನ್ನು ಹೊಸದಾಗಿ ಬರೆಯುವುದು ವ್ಯರ್ಥಶ್ರಮ. ಆದುದರಿಂದ ಅಂತಹ ಕಿರುಪ್ರೋಗ್ರಾಮುಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಪಡಿಸಿ ಕಪಾಟಿನಲ್ಲಿ ಇರಿಸಿದರು. ಬೇಕಾದವರು ಪಟ್ಟಿಯನ್ನು ತೆಗೆದು ತಮ್ಮ ಪ್ರೋಗ್ರಾಮಿನ ಪಟ್ಟಿಗೆ ನಕಲುಮಾಡಿಕೊಳ್ಳುತ್ತಿದ್ದರು. ಈ ಸಂಗ್ರಹಕ್ಕೆ ಅವರು ಲೈಬ್ರರಿ ಎಂದೇ ಹೆಸರಿಟ್ಟರು.

ನಕಲುಮಾಡಿಕೊಳ್ಳುವ ಈ ಪದ್ಧತಿಯಲ್ಲಿ ಒಂದು ಅನುಕೂಲ, ಎರಡು ಅನನುಕೂಲಗಳಿವೆ. ಪ್ರೋಗ್ರಾಮು ತನಗೆ ಬೇಕಾದುದನ್ನೆಲ್ಲ ತನ್ನೊಳಗೇ ಹೊತ್ತುಕೊಂಡಿರುವುದರಿಂದ ಅದು ಇನ್ನೊಂದರ ಹಂಗಿನಲ್ಲಿಲ್ಲ, ಇದು ಅನುಕೂಲ. ಆದರೆ ನೂರು ಪ್ರೋಗ್ರಾಮುಗಳಿದ್ದರೆ ನೂರು ನಕಲುಗಳು ಜಾಗವನ್ನು ಆಕ್ರಮಿಸುತ್ತವೆ. ಮೂಲದಲ್ಲಿ ಒಂದು ತಪ್ಪು ಕಂಡುಬಂದರೆ ನೂರನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಇದನ್ನು ತಪ್ಪಿಸಲು ಮುಂದೆ ಬಂದುದೇ ‘ಶೇರ್ಡ್ ಲೈಬ್ರರಿ’, ಎಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿ. ಇಲ್ಲಿ ಪ್ರೋಗ್ರಾಮಿನೊಳಗೆ ಲೈಬ್ರರಿಯ ಹೆಸರು ಮಾತ್ರ ಬರೆದಿರುತ್ತದೆ; ವಸ್ತು ಬೇರೆ ಕಡೆ ಇರುತ್ತದೆ.

ಹೀಗೆ ಮಾಡಿದುದರಿಂದ ಹುಡುಕುವ ಕೆಲಸವು ಎರಡು ಬಾರಿ ಬರುತ್ತದೆ. ಕಟ್ಟುವಾಗ, ಲಿಂಕರು ಎಂಬ ಸಾಧನವು ಲೈಬ್ರರಿಯನ್ನು ಹುಡುಕಿ, ಬೇಕಾದ ಹೆಸರುಗಳೆಲ್ಲ ಅದರಲ್ಲಿವೆಯೇ ಎಂದು ಪರೀಕ್ಷಿಸುತ್ತದೆ. ನಡೆಸುವಾಗ, ಲೋಡರು ಎಂಬ ಇನ್ನೊಂದು ಸಾಧನವು ಅದೇ ಹೆಸರಿನ ಲೈಬ್ರರಿಯನ್ನು ಹೊಸದಾಗಿ ಹುಡುಕುತ್ತದೆ. ಲಿಂಕರು ನೋಡಿದ ಜಾಗದಲ್ಲಿಯೇ ಲೋಡರೂ ನೋಡಬೇಕೆಂಬ ನಿಯಮವಿಲ್ಲ. ನಮ್ಮ ಒಗಟಿನ ಮೂಲವು ಇಲ್ಲಿದೆ.

ಹೊದಿಕೆ ಒಂದೇ, ಒಳಪುಟ ಬೇರೆ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಳಸುವ ಕ್ಲಾರ್ಕನ ಕೋಷ್ಟಕಗಳ ಪುಸ್ತಕವನ್ನು ವಾಚಕರು ಬಲ್ಲರು. ಅಂತಹ ಒಂದು ಪುಸ್ತಕದ ಹಳೆಯ ಮುದ್ರಣದಲ್ಲಿ ಹತ್ತೊಂಬತ್ತು ಕೋಷ್ಟಕಗಳೂ ಹೊಸ ಮುದ್ರಣದಲ್ಲಿ ಇಪ್ಪತ್ತೊಂದೂ ಇವೆಯೆಂದು ಊಹಿಸಿರಿ. ಹೊದಿಕೆಯ ಮೇಲಿನ ಹೆಸರು ಎರಡಕ್ಕೂ ಒಂದೇ. ಹೊಸ ಮುದ್ರಣವನ್ನು ನೋಡಿ ಲೆಕ್ಕವನ್ನು ರೂಪಿಸಿದವನು ‘ಇಪ್ಪತ್ತೊಂದನೆಯ ಕೋಷ್ಟಕವನ್ನು ನೋಡು’ ಎಂದು ಬರೆದಿಟ್ಟರೆ, ಹಳೆಯ ಮುದ್ರಣವನ್ನು ಹಿಡಿದವನು ಏನು ಮಾಡಬೇಕು? ‘ದೊರೆಯಲಿಲ್ಲ’ ಎನ್ನುವುದಲ್ಲದೆ ಅವನಿಗೆ ಬೇರೆ ಮಾರ್ಗವಿಲ್ಲ.

ಜಿಸಿಸಿ ಎಂಬ ಕಂಪೈಲರಿನಲ್ಲಿ ಆಗುವುದೂ ಇದೇ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ೧೯೮೭ರಲ್ಲಿ ಮೊದಲು ಹೊರತಂದ ಈ ಕಂಪೈಲರು ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿದೆ. ಅದರ ಸಿ++ ಲೈಬ್ರರಿಯ ಹೆಸರು ‘ಲಿಬ್‌ಎಸ್‌ಟಿಡಿಸಿ++.ಎಸ್‌ಒ.೬’. ೨೦೦೪ರಲ್ಲಿ ಬಂದ ಜಿಸಿಸಿ ೩.೪ರಿಂದ ಈ ಹೆಸರು ಬದಲಾಗಿಲ್ಲ. ಹೊಸ ಉಪಕರಣಗಳು ಸೇರಿದಾಗ ಲೈಬ್ರರಿಯ ಒಳಗೆ ಹೊಸ ಗುರುತುಗಳು ಸೇರುತ್ತವೆ. ಜಿಸಿಸಿ ೪.೮ರ ಲೈಬ್ರರಿಯಲ್ಲಿ ಈ ಗುರುತುಗಳು ೩.೪.೧೯ರವರೆಗೆ ಇದ್ದುವು. ೨೦೧೫ರಲ್ಲಿ ಬಂದ ಜಿಸಿಸಿ ೫.೧ರಲ್ಲಿ ಅವು ೩.೪.೨೧ಕ್ಕೆ ಏರಿದುವು. ಹಳೆಯ ಗುರುತುಗಳನ್ನು ಮಾತ್ರ ತೆಗೆದುಹಾಕಿಲ್ಲ. ಆದುದರಿಂದ ಹೊಸ ಲೈಬ್ರರಿಯು ಹಳೆಯ ಪ್ರೋಗ್ರಾಮಿಗೆ ಒದಗಬಲ್ಲುದು. ಹಳೆಯ ಲೈಬ್ರರಿಯು ಹೊಸ ಪ್ರೋಗ್ರಾಮಿಗೆ ಒದಗಲಾರದು. ಈ ಒಂದು ನಿಯಮವನ್ನು ನೆನಪಿನಲ್ಲಿಟ್ಟರೆ ಅರ್ಧ ತೊಡಕು ಬಿಡಿಸಿದಂತೆ.

೨೦೧೪ರಲ್ಲಿ ಹೊರಬಂದು ೨೦೨೪ರ ಜೂನ್‌ವರೆಗೆ ಪೋಷಣೆಯಲ್ಲಿದ್ದ ಸೆಂಟ್‌ಒಎಸ್ ೭ ಎಂಬ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರೊಡನೆ ಬಂದುದು ಜಿಸಿಸಿ ೪.೮. ಅದರ ಮೇಲೆ ಜಿಸಿಸಿ ೫ನ್ನು ತಾವೇ ಕಟ್ಟಿಕೊಂಡರೆ, ಬೇರೆ ಸೂಚನೆಯಿಲ್ಲದಿದ್ದಲ್ಲಿ, ಹೊಸ ಲೈಬ್ರರಿಯು ‘/ಯುಎಸ್‌ಆರ್/ಲೋಕಲ್/ಲಿಬ್೬೪’ ಎಂಬ ಡೈರೆಕ್ಟರಿಯಲ್ಲಿ ನೆಲೆಸುತ್ತದೆ. ಹೊಸ ಕಂಪೈಲರಿಗೆ ತನ್ನ ಲೈಬ್ರರಿಯ ವಿಳಾಸವು ಗೊತ್ತು. ಆದುದರಿಂದ ಕಟ್ಟುವ ಕೆಲಸ ನಿರ್ವಿಘ್ನವಾಗಿ ಮುಗಿಯುತ್ತದೆ. ಲೋಡರಿಗೆ ಆ ವಿಳಾಸವನ್ನು ಯಾರೂ ತಿಳಿಸಿಲ್ಲ. ಅದು ತನ್ನ ವಾಡಿಕೆಯ ಜಾಗಕ್ಕೆ ಹೋಗಿ ಹಳೆಯ ಮುದ್ರಣವನ್ನು ತರುತ್ತದೆ.

ಊಹೆಗಿಂತ ಮೊದಲು ಅಳತೆ

ಭೌತಶಾಸ್ತ್ರದ ವಿದ್ಯಾರ್ಥಿಯು ಮಂಡಲದಲ್ಲಿ ವಿದ್ಯುತ್ತು ಹರಿಯದಿದ್ದರೆ ತಂತಿಗಳನ್ನೆಲ್ಲ ಕಿತ್ತುಹಾಕುವುದಿಲ್ಲ. ವೋಲ್ಟ್‌ಮಾಪಕವನ್ನು ಹಿಡಿದು ಒಂದೊಂದು ಬಿಂದುವನ್ನು ಪರೀಕ್ಷಿಸುತ್ತಾನೆ. ಇಲ್ಲಿಯೂ ಅದೇ ಕ್ರಮವು ಯುಕ್ತ.

ಮೊದಲು, ತೊಡಕು ಯಾವ ಹಂತದಲ್ಲಿ ಬಂದಿತೆಂದು ನಿಶ್ಚಯಿಸಬೇಕು: ಕಂಪೈಲರು ಓದುವಾಗಲೋ, ಲಿಂಕರು ಕಟ್ಟುವಾಗಲೋ, ಲೋಡರು ನಡೆಸುವಾಗಲೋ? ಎರಡನೆಯದಾಗಿ, ಕೆಲಸಮಾಡಿದ ಕಂಪೈಲರು ಯಾವುದು? ‘ಜಿ++ --ವರ್ಷನ್’ ಎಂದು ಕೇಳಿದರೆ ಅದು ತನ್ನ ಆವೃತ್ತಿಯನ್ನು ಹೇಳುತ್ತದೆ. ಹೊಸದನ್ನು ಬಳಸುತ್ತಿದ್ದೇನೆಂದು ನಂಬಿದವನಿಗೆ ಹಳೆಯದೇ ಉತ್ತರ ಕೊಡುವುದು ಅಪರೂಪವಲ್ಲ. ಮೂರನೆಯದಾಗಿ, ಲೋಡರು ತರುವ ಫೈಲು ಯಾವುದು? ‘ಎಲ್‌ಡಿಡಿ’ ಎಂಬ ಆಜ್ಞೆಯ ಮುಂದೆ ಪ್ರೋಗ್ರಾಮಿನ ಹೆಸರನ್ನು ಬರೆದರೆ, ಅದಕ್ಕೆ ಬೇಕಾದ ಒಂದೊಂದು ಲೈಬ್ರರಿಯೂ ಯಾವ ಡೈರೆಕ್ಟರಿಯಿಂದ ಬರುತ್ತದೆಂಬ ಪಟ್ಟಿ ದೊರೆಯುತ್ತದೆ. ನಂಬಿಕೆಗೆ ಅರ್ಹವಲ್ಲದ ಪ್ರೋಗ್ರಾಮಿನ ಮೇಲೆ ಈ ಆಜ್ಞೆಯನ್ನು ಬಳಸಬಾರದು. ಪರೀಕ್ಷಿಸುವ ನೆಪದಲ್ಲಿ ಪ್ರೋಗ್ರಾಮೇ ನಡೆದುಬಿಡುವ ಸಂಭವವುಂಟು. ನಾಲ್ಕನೆಯದಾಗಿ, ಆ ಫೈಲಿನಲ್ಲಿ ಬೇಕಾದ ಗುರುತು ಇದೆಯೆ? ‘ಸ್ಟ್ರಿಂಗ್ಸ್’ ಎಂಬ ಆಜ್ಞೆಯು ಫೈಲಿನಲ್ಲಿ ಓದಲು ಬರುವ ಅಕ್ಷರಗಳನ್ನೆಲ್ಲ ಹೊರಗೆಡಹುತ್ತದೆ. ಅವುಗಳಲ್ಲಿ ಜಿಎಲ್‌ಐಬಿಸಿಎಕ್ಸ್‌ಎಕ್ಸ್ ಎಂದು ಆರಂಭವಾಗುವ ಸಾಲುಗಳನ್ನು ಆರಿಸಿ ನೋಡಿದರೆ ಸಾಕು. ಪಟ್ಟಿಯು ೩.೪.೧೯ಕ್ಕೆ ನಿಂತಿದ್ದರೆ ರೋಗವು ನಿರ್ಣಯವಾದಂತೆ.

ಪರಿಹಾರಗಳು

ಪರಿಹಾರಗಳು ಮುಖ್ಯವಾಗಿ ಮೂರು. ‘ಎಲ್‌ಡಿ_ಲೈಬ್ರರಿ_ಪಾತ್’ ಎಂಬ ಚಲದಲ್ಲಿ ಹೊಸ ಡೈರೆಕ್ಟರಿಯ ಹೆಸರನ್ನಿಟ್ಟು ಪ್ರೋಗ್ರಾಮನ್ನು ನಡೆಸುವುದು ಒಂದು. ನಿರ್ಣಯವು ಸರಿಯೇ ಎಂದು ಪರೀಕ್ಷಿಸಲು ಇದು ಉತ್ತಮ. ಆದರೆ ಕಂಪ್ಯೂಟರಿಗೆ ಪ್ರವೇಶಿಸಿದಾಗಲೆಲ್ಲ ಅದು ತಾನಾಗಿ ಜಾರಿಯಾಗುವಂತೆ ಬರೆದಿಟ್ಟರೆ, ಸಂಬಂಧವಿಲ್ಲದ ಇತರ ಪ್ರೋಗ್ರಾಮುಗಳ ದಾರಿಯೂ ಬದಲಾಗುತ್ತದೆ. ಎರಡನೆಯದು, ಕಟ್ಟುವಾಗಲೇ ‘ಆರ್‌ಪಾತ್’ ಎಂಬ ಸೂಚನೆಯಿಂದ ಲೈಬ್ರರಿಯ ವಿಳಾಸವನ್ನು ಪ್ರೋಗ್ರಾಮಿನೊಳಗೆ ಬರೆಸುವುದು. ಇದರ ಪರಿಣಾಮವು ಆ ಪ್ರೋಗ್ರಾಮಿಗೆ ಮಾತ್ರ ಸೀಮಿತ. ಮೂರನೆಯದು, ‘-ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++’ ಎಂಬ ಸೂಚನೆಯನ್ನಿತ್ತು, ಎಡ್ಸ್ಯಾಕಿನ ಕಾಲದಂತೆ, ಲೈಬ್ರರಿಯ ಬೇಕಾದ ಭಾಗವನ್ನು ಪ್ರೋಗ್ರಾಮಿಗೇ ನಕಲುಮಾಡಿಸುವುದು. ಫೈಲು ದೊಡ್ಡದಾಗುತ್ತದೆ, ಆದರೆ ಹುಡುಕಾಟದ ಗೊಡವೆ ತಪ್ಪುತ್ತದೆ.

ಮಾಡಬಾರದ ಕೆಲಸವೂ ಒಂದಿದೆ. ವ್ಯವಸ್ಥೆಯ ಹಳೆಯ ಲೈಬ್ರರಿಯನ್ನು ಅಳಿಸಿ ಅದರ ಜಾಗದಲ್ಲಿ ಇನ್ನೊಂದನ್ನು ಕೈಯಾರೆ ಇಡುವ ಆತುರ ಸಲ್ಲದು. ಆ ಫೈಲನ್ನು ಅನೇಕ ಪ್ರೋಗ್ರಾಮುಗಳು ಹಂಚಿಕೊಂಡಿವೆ. ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ಹೊಸ ಸಾಮಗ್ರಿಯನ್ನು ತಂದು ಜೋಡಿಸುವ ‘ಆಪ್ಟ್’ ಎಂಬುದೂ ಸಿ++ನಲ್ಲಿಯೇ ಬರೆದುದು. ಅದೂ ಇದೇ ಲೈಬ್ರರಿಯನ್ನು ಆಶ್ರಯಿಸಿದೆ. ಲೈಬ್ರರಿ ಕೆಟ್ಟರೆ ದುರಸ್ತಿಮಾಡಬೇಕಾದ ಸಾಧನವೇ ಮೇಲೇಳದು.

ಎರಡು ಸೇರುಗಳು

ಇಷ್ಟರವರೆಗೆ ನೋಡಿದುದು ನಡೆಸುವಾಗಿನ ತೊಡಕು. ಕಟ್ಟುವಾಗ ಬರುವ ತೊಡಕು ಇನ್ನೊಂದಿದೆ. ೧೯೫೮ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬರುವ ಮೊದಲು ನಮ್ಮ ಅಂಗಡಿಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಅಳತೆಗಳಿದ್ದುವು. ಬರಿಯ ‘ಸೇರು’ ಎಂದು ಚೀಟಿ ಬರೆದರೆ, ಬರೆದವನ ಮನಸ್ಸಿನಲ್ಲಿ ಒಂದು, ಅಳೆಯುವವನ ಕೈಯಲ್ಲಿ ಇನ್ನೊಂದು ಇರುವ ಸಂಭವವಿತ್ತು.

ಸಿ++ನಲ್ಲಿ ಅಕ್ಷರಮಾಲೆಯನ್ನು ಇಡುವ ‘ಸ್ಟ್ರಿಂಗ್’ ಎಂಬ ಪಾತ್ರೆಗೆ ಇಂತಹುದೇ ಸ್ಥಿತಿ ಬಂದಿತು. ಹಳೆಯ ಜಿಸಿಸಿಯಲ್ಲಿ, ಒಂದು ಸ್ಟ್ರಿಂಗಿನ ನಕಲು ಬೇಕೆಂದಾಗ ಇಬ್ಬರೂ ಒಂದೇ ಸಂಗ್ರಹವನ್ನು ಹಂಚಿಕೊಂಡು, ಬದಲಾವಣೆ ಬಂದಾಗ ಮಾತ್ರ ಬೇರೆಯಾಗುತ್ತಿದ್ದರು. ೨೦೧೧ರ ಸಿ++ ಪ್ರಮಾಣವು ಈ ಏರ್ಪಾಟಿಗೆ ಅವಕಾಶ ಕೊಡಲಿಲ್ಲ. ಆದುದರಿಂದ ಜಿಸಿಸಿ ೫ರಲ್ಲಿ ಸ್ಟ್ರಿಂಗನ್ನು ಹೊಸದಾಗಿ ರಚಿಸಲಾಯಿತು. ೬೪ ಬಿಟ್ ಯಂತ್ರದಲ್ಲಿ ಹಳೆಯ ಸ್ಟ್ರಿಂಗಿನ ಗಾತ್ರ ೮ ಬೈಟು. ಹೊಸದರದು ೩೨ ಬೈಟು. ಇವೆರಡೂ ಬೆರೆಯಬಾರದೆಂದು ಹೊಸದರ ಒಳಹೆಸರಿಗೆ ‘ಸಿಎಕ್ಸ್‌ಎಕ್ಸ್೧೧’ ಎಂಬ ಗುರುತನ್ನು ಸೇರಿಸಿದರು. ಎರಡನ್ನೂ ಒಂದೇ ಲೈಬ್ರರಿಯಲ್ಲಿ ಉಳಿಸಿಕೊಂಡರು.

ಜಿಸಿಸಿ ೪.೮ರಿಂದ ಕಟ್ಟಿದ ಬೇರೊಬ್ಬರ ಲೈಬ್ರರಿಯನ್ನು ಜಿಸಿಸಿ ೫ರಿಂದ ಕಟ್ಟಿದ ಪ್ರೋಗ್ರಾಮಿನೊಡನೆ ಜೋಡಿಸಹೊರಟರೆ, ಸ್ಟ್ರಿಂಗನ್ನು ಬಯಸುವ ಕಾರ್ಯಗಳ ಹೆಸರು ಹೊಂದದೆ ಲಿಂಕರು ತಡೆಯುತ್ತದೆ. ಅದರ ಆಕ್ಷೇಪಣೆಯಲ್ಲಿ ‘ಸಿಎಕ್ಸ್‌ಎಕ್ಸ್೧೧’ ಎಂಬುದು ಕಂಡರೆ ಕಾರಣವು ಇದೇ ಎಂದು ಊಹಿಸಬಹುದು. ಬರಿಯ ಸಂಖ್ಯೆಗಳನ್ನು ಕೊಟ್ಟು ಪಡೆಯುವ ಕಾರ್ಯಗಳಿಗೆ ಈ ಅಡ್ಡಿಯಿಲ್ಲ. ಇಲ್ಲಿ ಲೈಬ್ರರಿಯ ವಿಳಾಸವನ್ನು ಬದಲಿಸಿ ಪ್ರಯೋಜನವಿಲ್ಲ. ಎರಡು ಭಾಗಗಳನ್ನೂ ಒಂದೇ ಕಂಪೈಲರಿನಿಂದ ಕಟ್ಟಬೇಕು. ಅದು ಸಾಧ್ಯವಿಲ್ಲದಿದ್ದರೆ ‘_ಜಿಎಲ್‌ಐಬಿಸಿಎಕ್ಸ್‌ಎಕ್ಸ್_ಯೂಸ್_ಸಿಎಕ್ಸ್‌ಎಕ್ಸ್೧೧_ಎಬಿಐ’ ಎಂಬುದರ ಬೆಲೆಯನ್ನು ಸೊನ್ನೆಯೆಂದು ಕೊಟ್ಟು, ಹಳೆಯ ಸೇರಿನಲ್ಲಿಯೇ ಅಳೆಯುವಂತೆ ಹೊಸ ಕಂಪೈಲರಿಗೆ ಹೇಳಬೇಕು.

ಲಿಂಕರು ತಡೆದುದು ವಾಸ್ತವವಾಗಿ ಉಪಕಾರವೇ. ತಡೆಯದೆ ಬಿಡುವ ಸಂದರ್ಭವೂ ಉಂಟು. ನಾವೇ ರಚಿಸಿದ ಒಂದು ದತ್ತಸಮೂಹದ ಒಳಗೆ ಸ್ಟ್ರಿಂಗ್ ಅಡಗಿದ್ದರೆ, ಆ ಸಮೂಹದ ಹೆಸರಿಗೆ ಹೊಸ ಗುರುತು ತಾನಾಗಿ ಅಂಟುವುದಿಲ್ಲ. ಹೆಸರುಗಳು ಹೊಂದುತ್ತವೆ, ಲಿಂಕರು ಒಪ್ಪುತ್ತದೆ, ಪ್ರೋಗ್ರಾಮು ನಡೆಯುತ್ತದೆ. ಆದರೆ ಒಂದು ಭಾಗವು ೮ ಬೈಟೆಂದು ಎಣಿಸಿದ ಜಾಗವನ್ನು ಇನ್ನೊಂದು ೩೨ ಎಂದು ಎಣಿಸುತ್ತದೆ. ಅದರ ಮುಂದೆ ಇಟ್ಟ ಲೋಲಕದ ಉದ್ದ, ಅವಧಿ ಮೊದಲಾದ ಸಂಖ್ಯೆಗಳನ್ನು ತಪ್ಪು ಜಾಗದಿಂದ ಓದಲಾಗುತ್ತದೆ. ಪ್ರೋಗ್ರಾಮು ಮುರಿದುಬೀಳಬಹುದು, ಇಲ್ಲವೇ ನೋಡಲು ಸರಿಯೆನಿಸುವ ತಪ್ಪು ಉತ್ತರವನ್ನು ಮುದ್ರಿಸಬಹುದು. ‘-ಡಬ್ಲ್ಯುಎಬಿಐ-ಟ್ಯಾಗ್’ ಎಂಬ ಸೂಚನೆಯನ್ನಿತ್ತರೆ ಇಂತಹ ಎಡೆಗಳಲ್ಲಿ ಜಿಸಿಸಿ ಎಚ್ಚರಿಕೆ ನೀಡುತ್ತದೆ.

ಆದುದರಿಂದ ಒಂದು ಯಂತ್ರದಲ್ಲಿ ಎರಡು ಕಂಪೈಲರುಗಳನ್ನು ಇಟ್ಟುಕೊಳ್ಳುವವರು, ಒಂದು ಪ್ರೋಗ್ರಾಮಿನ ಸಿ++ ಭಾಗಗಳನ್ನೆಲ್ಲ ಒಂದೇ ಕಂಪೈಲರಿನಿಂದ ಕಟ್ಟುವ ನಿಯಮವನ್ನು ಪಾಲಿಸುವುದು ಕ್ಷೇಮ. ಪ್ರಯೋಗದ ಟಿಪ್ಪಣಿ ಪುಸ್ತಕದಲ್ಲಿ ಉಪಕರಣದ ಅಲ್ಪತಮ ಅಳತೆಯನ್ನು ಬರೆಯುವಂತೆ, ಯಾವ ಕಂಪೈಲರು, ಯಾವ ಆವೃತ್ತಿ, ಯಾವ ಡೈರೆಕ್ಟರಿಯ ಲೈಬ್ರರಿ ಎಂಬ ಮೂರು ಸಾಲುಗಳನ್ನು ಫಲಿತಾಂಶದ ಪಕ್ಕದಲ್ಲಿ ಬರೆದಿಡಲಿ. ಮುಂದೆ ಉತ್ತರದಲ್ಲಿ ಸಂದೇಹ ಬಂದಾಗ ಎಲ್ಲಿಂದ ಪರೀಕ್ಷೆಯನ್ನು ಆರಂಭಿಸಬೇಕೆಂಬುದನ್ನು ಆ ಮೂರು ಸಾಲುಗಳು ತಿಳಿಸುತ್ತವೆ.