ಹದಿನಾಲ್ಕು ವರ್ಷದ ಅನುಭವ, ಒಂದೂ ಪತ್ರವಿಲ್ಲ

ಕೆಲಸ ಹುಡುಕುವ ಗೆಳೆಯರು ನಾಲ್ಕು ಮಂದಿ ಸೇರಿದರೆ ಮಾತು ಶುರುವಾಗುವುದೇ ಆಫರ್ ಲೆಟರ್‌ನಿಂದ. ಕೈಗೆ ಎಷ್ಟು ಬರುತ್ತೆ? ಪಿ.ಎಫ್. ಇದೆಯಾ? ಶನಿವಾರ ರಜೆನಾ? ನೋಟಿಸ್ ಪೀರಿಯಡ್ ಎಷ್ಟು ದಿನ? ಸೇರುವ ಮುನ್ನವೇ ಬಿಡುವಾಗಿನ ಲೆಕ್ಕವನ್ನೂ ಹಾಕಿಬಿಡುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಇದೇ ಪ್ರಶ್ನೆಗಳನ್ನು ನಮ್ಮ ಮನೆಗೆ ಬರುವ ಅಡುಗೆಯಾಕೆಯೋ, ಮಗು ನೋಡಿಕೊಳ್ಳುವಾಕೆಯೋ ಕೇಳಿದರೆ? ‘ಈಗಿನ ಕೆಲಸದವರದ್ದು ಭಾರಿ ಡಿಮಾಂಡಪ್ಪಾ’ ಎನ್ನುತ್ತೇವೆ.

ನನ್ನ ಅಮ್ಮ ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಾರೆ. ಮಗು ಅಳುತ್ತಿರುವುದು ಹಸಿವಿಗೋ, ಹೊಟ್ಟೆನೋವಿಗೋ ಎಂದು ದನಿಯಲ್ಲೇ ಗುರುತಿಸುತ್ತಾರೆ. ರಾಗಿ ಸರಿ ಎಷ್ಟು ತೆಳ್ಳಗಿರಬೇಕು, ಲಸಿಕೆ ಹಾಕಿಸಿದ ರಾತ್ರಿ ಏನನ್ನು ಗಮನಿಸಬೇಕು, ಜ್ವರ ಎಷ್ಟಕ್ಕೇರಿದರೆ ತಾಯಿಗೆ ಫೋನ್ ಮಾಡಬೇಕು ಎಲ್ಲವೂ ಗೊತ್ತು. ಆದರೆ ಒಂದು ಮನೆಯ ಮಗು ಶಾಲೆಗೆ ಸೇರಿತೆಂದರೆ ಅಲ್ಲಿನ ಕೆಲಸ ಮುಗಿಯಿತು. ಒಂದು ಸೀರೆ, ‘ತುಂಬಾ ಥ್ಯಾಂಕ್ಸ್’ ಅಷ್ಟೇ. ಮುಂದಿನ ಮನೆಯಲ್ಲಿ ಸಂಬಳದ ಮಾತು ಮತ್ತೆ ಮೊದಲಿನಿಂದ. ನಾನು ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದಕ್ಕೆ ಸೀಲು, ಸಹಿ ಇರುವ ಪ್ರಮಾಣಪತ್ರವಿದೆ. ಅಮ್ಮನ ಹದಿನಾಲ್ಕು ವರ್ಷಕ್ಕೆ ಒಂದು ಚೀಟಿಯೂ ಇಲ್ಲ.

ಏಜೆನ್ಸಿಯವರು ಕಮಿಷನ್ ಕೇಳುವಾಗ ಇದೇ ಕೆಲಸಕ್ಕೆ ‘ನ್ಯಾನಿ’ ಎನ್ನುತ್ತಾರೆ, ಸಂಬಳ ಹೇಳುವಾಗ ‘ಆಯಾ’ ಎನ್ನುತ್ತಾರೆ. ಮನೆಯವರು ‘ನಮ್ಮನೆ ಮಂದಿ ಹಾಗೆ ನೋಡ್ಕೋತೀವಿ’ ಎನ್ನುತ್ತಾರೆ. ಅದರಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಮನೆ ಮಂದಿಗೆ ಓವರ್‌ಟೈಮ್ ಲೆಕ್ಕ ಇರುವುದಿಲ್ಲವಲ್ಲ! ಅಮ್ಮನಿಗೆ ಟೈಫಾಯ್ಡ್ ಬಂದು ಹನ್ನೆರಡು ದಿನ ಮಲಗಿದ್ದಾಗ ಆ ದಿನಗಳ ಸಂಬಳ ಹೋಯಿತು. ಎದ್ದು ಹೋಗುವಷ್ಟರಲ್ಲಿ ಆ ಮನೆಗೆ ಬೇರೊಬ್ಬರು ಬಂದಾಗಿತ್ತು. ಒಂದು ತಿಂಗಳ ನೋಟಿಸ್ ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಯಾಕೆಂದರೆ ಎಲ್ಲೂ ಬರೆದಿರಲಿಲ್ಲ.

ಕಾನೂನು ಇದೆ, ಆದರೆ...

ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಅದು 2004ರಲ್ಲೇ ಆಗಿದೆ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಇವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮನೆಯೂ ‘ಕೆಲಸದ ಸ್ಥಳ’ವೇ. ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ಹುರುಳಿದೆ ಎನ್ನಿಸಿದರೆ ಸಮಿತಿ ಏಳು ದಿನದೊಳಗೆ ಅದನ್ನು ಪೊಲೀಸರಿಗೆ ಕಳಿಸಬೇಕು.

ಹಾಗಾದರೆ ತೊಡಕು ಎಲ್ಲಿ? ಕಾರ್ಖಾನೆಗೆ ಹಾಜರಿ ಪುಸ್ತಕವಿದೆ, ಸಂಬಳದ ಚೀಟಿ ಇದೆ, ತಪಾಸಣೆಗೆ ಅಧಿಕಾರಿ ಬರುತ್ತಾರೆ. ಮನೆಯ ಬಾಗಿಲು ಹಾಕಿದರೆ ಒಳಗೆ ಎಷ್ಟು ಗಂಟೆ ಕೆಲಸವಾಯಿತು ಎನ್ನುವುದಕ್ಕೆ ಸಾಕ್ಷಿ ಯಾರು? ಬೆಳಿಗ್ಗೆಯಿಂದ ಮೂರು ಮನೆ ಸುತ್ತುವಾಕೆಗೆ ಮಾಲೀಕರು ಯಾರು? ಬರಹದಲ್ಲಿ ಏನೂ ಇಲ್ಲದಿದ್ದಾಗ ಕನಿಷ್ಠ ವೇತನವೂ ಕಾಗದದಲ್ಲೇ ಉಳಿಯುತ್ತದೆ.

2017ರ ತಿದ್ದುಪಡಿಯ ನಂತರ ಕಂಪನಿಗಳ ಮಹಿಳಾ ಉದ್ಯೋಗಿಗಳಿಗೆ 26 ವಾರಗಳ ಹೆರಿಗೆ ರಜೆ ಸಿಗುತ್ತಿದೆ. ಬಹಳ ಒಳ್ಳೆಯದು. ರಜೆ ಮುಗಿಸಿ ಆಕೆ ನೆಮ್ಮದಿಯಿಂದ ಆಫೀಸಿಗೆ ಹೊರಡುವುದು ಮಗುವನ್ನು ಇನ್ನೊಬ್ಬ ಹೆಣ್ಣಿನ ಕೈಗೆ ಕೊಟ್ಟು. ಆ ಹೆಣ್ಣು ಬಸುರಿಯಾದರೆ ಮಾತ್ರ ರಜೆಯಲ್ಲ, ಕೆಲಸವೇ ಹೋಗುತ್ತದೆ.

ಗೃಹ ಕಾರ್ಮಿಕರ ಹಕ್ಕುಗಳ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರ ಮತ ಹಾಕಿತಾದರೂ ಅನುಮೋದನೆ ಮಾತ್ರ ಕೊಟ್ಟಿಲ್ಲ. ಪುಟ್ಟ ದೇಶ ಉರುಗ್ವೆ 2012ರಲ್ಲೇ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ಇವರಿಗಾಗಿ ಕಾನೂನು ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿದೆ.

ನಾವೇನು ಮಾಡಬಹುದು?

ಕಾನೂನು ಬರುವಾಗ ಬರಲಿ. ನಾಲ್ವರು ಸೇರಿ ಫ್ಲ್ಯಾಟ್ ಬಾಡಿಗೆ ಹಿಡಿದು ಅಡುಗೆಗೆ ಒಬ್ಬರನ್ನು ಇಟ್ಟುಕೊಂಡ ದಿನವೇ ನಾವು ‘ಮಾಲೀಕ’ರಾಗುತ್ತೇವೆ. ನಮ್ಮ ಮೊದಲ ಸಂಬಳಕ್ಕಿಂತ ಮುಂಚೆಯೇ ನಾವು ಇನ್ನೊಬ್ಬರಿಗೆ ಸಂಬಳ ಕೊಡುತ್ತಿರುತ್ತೇವೆ. ಅಂದೇ ಒಂದು ಹಾಳೆ ತೆಗೆದುಕೊಂಡು ಬರೆಯೋಣ: ಯಾವ ಯಾವ ಕೆಲಸ, ಎಷ್ಟು ಗಂಟೆ, ಸಂಬಳ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವ ದಿನ, ಕಾಯಿಲೆಯಾದರೆ ಸಂಬಳಸಹಿತ ರಜೆ ಎಷ್ಟು, ಬಿಡಿಸುವಾಗ ಎಷ್ಟು ದಿನ ಮುಂಚೆ ಹೇಳಬೇಕು. ಅವರಿಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರಿಗೂ ಕೊಡೋಣ. ಸಾಧ್ಯವಿದ್ದರೆ ಸಂಬಳವನ್ನು ಅವರ ಬ್ಯಾಂಕ್ ಖಾತೆಗೇ ಹಾಕೋಣ. ಅದೇ ನಾಳೆ ದಾಖಲೆಯಾಗುತ್ತದೆ.

ಮೊಬೈಲ್ ಬಳಕೆ ನಮಗೆ ಗೊತ್ತು. 2021ರಲ್ಲಿ ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಹೆಸರು ನೋಂದಾಯಿಸಿ 12 ಅಂಕಿಯ ಸಂಖ್ಯೆ ಪಡೆಯಬಹುದು. ರಾಜ್ಯ ಕಾರ್ಮಿಕ ಇಲಾಖೆಯ ‘ಅಂಬೇಡ್ಕರ್ ಸಹಾಯ ಹಸ್ತ’ ಯೋಜನೆಯಲ್ಲೂ ಮನೆಗೆಲಸದವರಿಗೆ ಗುರುತಿನ ಚೀಟಿಯ ಅವಕಾಶವಿದೆ. ಕಾಲೇಜಿನ ಎನ್‌ಎಸ್‌ಎಸ್ ಘಟಕ ಒಂದು ಭಾನುವಾರ ಬಡಾವಣೆಯಲ್ಲಿ ಕುಳಿತರೆ ಎಷ್ಟೋ ಮಂದಿಯ ಹೆಸರು ನೋಂದಣಿಯಾದೀತು.

ಕೊನೆಯದಾಗಿ, ನಿಮ್ಮ ಮನೆಯ ಕೆಲಸ ಬಿಟ್ಟು ಹೊರಡುವವರಿಗೆ ಸೀರೆಯ ಜೊತೆ ಒಂದು ಅನುಭವ ಪತ್ರವನ್ನೂ ಕೊಡಿ. ಎಷ್ಟು ವರ್ಷ, ಯಾವ ಕೆಲಸ, ಯಾವ ವಯಸ್ಸಿನ ಮಗು, ಕೊನೆಯ ಸಂಬಳ ಎಷ್ಟು. ನಾಲ್ಕು ಸಾಲು ಸಾಕು. ಮುಂದಿನ ಮನೆಯಲ್ಲಿ ಅವರು ಸಂಬಳದ ಮಾತನ್ನು ಮೊದಲಿನಿಂದ ಶುರು ಮಾಡಬೇಕಾಗಿಲ್ಲ.